ಇಡೀ ಬ್ಯಾಚಿಗೆ 12.4 ಬಂದಿದೆ: ಪ್ರಯೋಗಾಲಯದ ಅಂಕಗಳನ್ನು ನೀವು ಹೇಗೆ ಕೊಡುತ್ತೀರಿ?

ಅತಿಥಿ ಉಪನ್ಯಾಸಕಿ

ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಐದು ವರ್ಷಗಳ ಅನುಭವ ಇದೆ, ಆದರೂ ಕಳೆದ ಗುರುವಾರ ನಡೆದದ್ದು ಇನ್ನೂ ಮನಸ್ಸಿನಲ್ಲಿ ಕುಟುಕುತ್ತಿದೆ.

ಅಂದು ಮಧ್ಯಾಹ್ನ ಮೋರ್ ಲವಣದ (ಕಬ್ಬಿಣದ ಒಂದು ಲವಣ) ಅನುಮಾಪನ ಇತ್ತು, ಅಂದರೆ ಬ್ಯುರೆಟ್ ಎಂಬ ಅಳತೆ ನಳಿಕೆಯಿಂದ ಎಷ್ಟು ಮಿ.ಲೀ. ಹನಿಸಿದರೆ ಬಣ್ಣ ಬದಲಾಗುತ್ತದೆ ಎಂದು ನೋಡುವ ಪ್ರಯೋಗ. ಬ್ಯುರೆಟ್‌ನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಕೋನಿಕಲ್ ಫ್ಲಾಸ್ಕಿನಲ್ಲಿ ಮೋರ್ ಲವಣದ ದ್ರಾವಣ. ಬ್ಯಾಚಿನಲ್ಲಿ ಹದಿನೆಂಟು ಜನ. ಹದಿನೇಳು ಪುಸ್ತಕಗಳಲ್ಲಿ 12.4, 12.4, 12.4 ಎಂದಿತ್ತು. ಒಬ್ಬಳ ಪುಸ್ತಕದಲ್ಲಿ ಮಾತ್ರ 12.9, 12.7, 12.7. ನಮ್ಮ ವಿಭಾಗದ ಪದ್ಧತಿಯ ಪ್ರಕಾರ ನಿಜವಾದ ಬೆಲೆಗಿಂತ 0.2 ಮಿ.ಲೀ. ಒಳಗಿದ್ದರೆ ಐದಕ್ಕೆ ಐದು, 0.4ರವರೆಗೆ ಮೂರು, ಅದಕ್ಕೂ ಆಚೆ ಹೋದರೆ ಒಂದು. ನನ್ನ ಚೀಟಿಯಲ್ಲಿ ಇದ್ದ ಬೆಲೆ 12.4. ಹಾಗಾಗಿ ಹದಿನೇಳು ಜನರಿಗೆ ಐದು, ಅವಳಿಗೆ ಮೂರು ಕೊಟ್ಟೆ.

ಎಲ್ಲರೂ ಹೋದ ಮೇಲೆ ಏನೋ ಅನುಮಾನ ಬಂದು ನಾನೇ ಒಂದು ಬಾರಿ ಮಾಡಿ ನೋಡಿದೆ. 12.7 ಬಂತು. ಇನ್ನೊಮ್ಮೆ ಮಾಡಿದೆ. 12.7. ಚೀಟಿಯಲ್ಲಿದ್ದದ್ದು ಹಿಂದಿನ ವಾರದ ಬ್ಯಾಚಿನ ಬೆಲೆ. ಪರ್ಮಾಂಗನೇಟ್ ಬಾಟಲಿ ಒಂದು ವಾರ ಬೆಳಕಿನಲ್ಲಿ ಕುಳಿತು ಸತ್ವ ಕಳೆದುಕೊಂಡಿತ್ತು. ಹದಿನೇಳು ಜನ ಹಿಂದಿನ ಬ್ಯಾಚಿನ ಪುಸ್ತಕ ನೋಡಿ ಬರೆದಿದ್ದರು. ಪ್ರಯೋಗ ಮಾಡಿದ್ದವಳು ಒಬ್ಬಳೇ, ಅವಳಿಗೇ ನಾನು ಅಂಕ ಕಡಿದಿದ್ದೆ.

ಮರುದಿನ ಅವಳ ಅಂಕ ತಿದ್ದಿದೆ. ಉಳಿದವರ ಅಂಕಗಳನ್ನು ಏನು ಮಾಡಬೇಕು ಎಂದು ತಿಳಿಯುತ್ತಿಲ್ಲ. ಇದರ ಜೊತೆಗೆ ಇನ್ನೆರಡು ತಲೆನೋವುಗಳಿವೆ. ಆಂತರಿಕ ಅಂಕ 20ಕ್ಕೆ 16ಕ್ಕಿಂತ ಕಡಿಮೆ ಯಾರಿಗೂ ಬೇಡ ಎಂಬ ಮೌಖಿಕ ಸೂಚನೆ ಒಂದು, ಹಾಜರಾತಿ ಇನ್ನೊಂದು. ಬೇರೆ ಕಡೆ ನೀವೆಲ್ಲ ಏನು ಮಾಡುತ್ತೀರಿ?

ಹಳೆಯ ಬ್ಯುರೆಟ್

ಮೇಡಂ, ನಿವೃತ್ತನಾಗಿ ಒಂಬತ್ತು ವರ್ಷವಾಯಿತು, ಆದರೆ ನಿಮ್ಮ ಗುರುವಾರ ನನಗೆ ಚೆನ್ನಾಗಿ ಗೊತ್ತು. ಒಂದೇ ದ್ರಾವಣವನ್ನು ಎಲ್ಲರಿಗೂ ಹಂಚಿದರೆ ಒಂದೇ ಉತ್ತರ ಬರುತ್ತದೆ. ಒಂದೇ ಉತ್ತರ ಇದ್ದರೆ ಅದು ಮೊದಲ ಅರ್ಧ ಗಂಟೆಯಲ್ಲೇ ಮೇಜಿನಿಂದ ಮೇಜಿಗೆ ಹರಿದು ಹೋಗುತ್ತದೆ. ಇದರಲ್ಲಿ ಹುಡುಗರ ತಪ್ಪಿಗಿಂತ ನಮ್ಮ ಸೋಮಾರಿತನದ ಪಾಲು ದೊಡ್ಡದು.

ಹದಿನೆಂಟು ಬೇರೆ ಬೇರೆ ದ್ರಾವಣ ತಯಾರಿಸಬೇಕಾಗಿಲ್ಲ. ಸಾಂದ್ರವಾದ ಒಂದು ದ್ರಾವಣ ಸಾಕು. 0.25 ನಾರ್ಮಲ್ (ಸಾಂದ್ರತೆಯ ಅಳತೆ) ಮೋರ್ ಲವಣ ಮಾಡಿಟ್ಟುಕೊಳ್ಳಿ. ಸಲ್ಫ್ಯೂರಿಕ್ ಆಮ್ಲ ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಫೆರಸ್ ಕೆಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರತಿ ವಿದ್ಯಾರ್ಥಿಯ 100 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಬ್ಯುರೆಟ್‌ನಿಂದ ನೀವೇ ಅಳೆದು ಹಾಕಿ. ಒಬ್ಬನಿಗೆ 18, ಮತ್ತೊಬ್ಬಳಿಗೆ 21, ಇನ್ನೊಬ್ಬನಿಗೆ 24.5. ಗುರುತಿನವರೆಗೆ ನೀರು ತುಂಬಿಸಿ ಕುಲುಕುವುದು ಅವರ ಕೆಲಸ. 10 ಮಿ.ಲೀ. ಪಿಪೆಟ್ ಮಾಡಿ 0.05 ನಾರ್ಮಲ್ ಪರ್ಮಾಂಗನೇಟ್‌ನಿಂದ ಅನುಮಾಪನ ಮಾಡಿದರೆ ನೀವು ಹಾಕಿದ್ದರ ಸರಿಯಾಗಿ ಅರ್ಧ ಬರಬೇಕು. 18ಕ್ಕೆ 9.0, 21ಕ್ಕೆ 10.5, 24.5ಕ್ಕೆ 12.25. ನಿಮಗೆ ಲೆಕ್ಕ ಬಾಯಲ್ಲೇ ಸಿಗುತ್ತದೆ, ಅವರಿಗೆ ಪಕ್ಕದವನ ಪುಸ್ತಕದಿಂದ ಕವಡೆಯ ಉಪಯೋಗವೂ ಇಲ್ಲ.

ಇನ್ನೂ ಒಂದು ಲಾಭವಿದೆ. ಪರ್ಮಾಂಗನೇಟ್ ದುರ್ಬಲವಾಗಿದ್ದರೆ ಎಲ್ಲರ ರೀಡಿಂಗೂ ಒಂದೇ ಅನುಪಾತದಲ್ಲಿ ಮೇಲೇರುತ್ತದೆ. ಎಲ್ಲರದೂ ಏರಿ ಒಬ್ಬನದು ಮಾತ್ರ ಏರದಿದ್ದರೆ, ಆ ಒಬ್ಬನನ್ನು ಕರೆದು ಮಾತಾಡಿಸಬಹುದು.

ಎರಡನೆಯದು, ಪೆನ್ಸಿಲ್ ನಿಷೇಧಿಸಿ. ರೀಡಿಂಗ್ ಅನ್ನು ಆಗಿಂದಾಗ್ಗೆ ಪೆನ್ನಿನಲ್ಲಿ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು, ಹೊರಡುವ ಮೊದಲು ನಿಮ್ಮ ಸಹಿ ಬೀಳಬೇಕು. ನಾನು ಕಂಡಂತೆ ರಬ್ಬರು ಇರುವ ಲ್ಯಾಬಿನಲ್ಲಿ ತಪ್ಪುಗಳು ಇರುವುದೇ ಇಲ್ಲ.

ಕೊನೆಯ ಬೆಂಚು

ನಾನು ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿ, ಬೇರೆ ಜಿಲ್ಲೆ. ಇಲ್ಲಿ ಎಲ್ಲರೂ ಮೇಷ್ಟ್ರುಗಳೇ ಇರುವಂತಿದೆ, ಆದರೂ ಆ ಹದಿನೇಳು ಜನರ ಪರವಾಗಿ ಎರಡು ಮಾತು ಹೇಳುತ್ತೇನೆ.

ನಮ್ಮ ಲ್ಯಾಬಿನಲ್ಲಿ ಇಪ್ಪತ್ತೆರಡು ಜನರಿಗೆ ಒಂಬತ್ತು ಬ್ಯುರೆಟ್. ಅದರಲ್ಲಿ ಮೂರು ಸೋರುತ್ತವೆ. ತೂಕದ ಯಂತ್ರದ ಮುಂದೆ ಪಡಿತರ ಅಂಗಡಿಯ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ಮೂರೂವರೆ, ನಾಲ್ಕೂವರೆಗೆ ಬಸ್. ಮೊದಲ ಎರಡು ರೀಡಿಂಗ್ ಹೊಂದದಿದ್ದರೆ ಮೇಷ್ಟ್ರು ‘ಮತ್ತೆ ಮಾಡು’ ಎನ್ನುತ್ತಾರೆ. ಮತ್ತೆ ಮಾಡಲು ಸಮಯ ಎಲ್ಲಿದೆ? ಹಿರಿಯರ ಪುಸ್ತಕದಲ್ಲಿ ಉತ್ತರ ಇದೆ. ಬರೆದವನಿಗೆ ಐದು, ಮಾಡಿದವನಿಗೆ ಮೂರು ಎಂದು ಮೊದಲ ಸೆಮಿಸ್ಟರಿನಲ್ಲೇ ನಮಗೆ ಅರ್ಥವಾಗುತ್ತದೆ. ಆ ಪಾಠ ಕಲಿಸಿದವರು ಯಾರು ಸರ್?

ಇನ್ನೊಂದು ವಿಷಯ. ರೆಕಾರ್ಡ್ ಪುಸ್ತಕ ಚೆಂದವಾಗಿ ಬರೆದದ್ದಕ್ಕೂ ಅಂಕ. ನಮ್ಮ ಹಾಸ್ಟೆಲಿನಲ್ಲಿ ದುಡ್ಡು ಕೊಟ್ಟರೆ ರೆಕಾರ್ಡ್ ಬರೆದುಕೊಡುವವನಿದ್ದಾನೆ. ಅವನ ಅಕ್ಷರ ಮುತ್ತಿನಂತಿದೆ. ನಾಲ್ಕು ಜನರ ರೆಕಾರ್ಡ್‌ನಲ್ಲಿ ಒಂದೇ ಕೈಬರಹ ಕಂಡರೂ ಯಾರೂ ಕೇಳಿಲ್ಲ.

ಲೋಲಕ

ನಾನು ಭೌತಶಾಸ್ತ್ರದವನು. ‘ಕೊನೆಯ ಬೆಂಚು’ ಹೇಳಿದ್ದು ನಮ್ಮ ಲ್ಯಾಬಿಗೂ ಅಕ್ಷರಶಃ ಒಪ್ಪುತ್ತದೆ. ನಮ್ಮಲ್ಲಿ ಸರಳ ಲೋಲಕದಿಂದ ಜಿ (ಗುರುತ್ವ ವೇಗೋತ್ಕರ್ಷ) ಬೆಲೆ ಕಂಡುಹಿಡಿಯುವ ಪ್ರಯೋಗದಲ್ಲಿ ಎಲ್ಲರಿಗೂ 9.81 ಬರುತ್ತದೆ. ಪಠ್ಯಪುಸ್ತಕದಲ್ಲಿ ಹಾಗೆಯೇ ಇದೆಯಲ್ಲ.

ತಮಾಷೆ ಏನೆಂದರೆ, 9.81 ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದ, ಸಮುದ್ರ ಮಟ್ಟದ ಬೆಲೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ, ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ಜಿ ಸುಮಾರು 9.78. ಒಂದು ಮೀಟರ್ ಉದ್ದದ ಲೋಲಕ 50 ಆಂದೋಲನ ಮುಗಿಸುವ ಹೊತ್ತಿಗೆ ಈ ಎರಡು ಬೆಲೆಗಳಿಂದ ಆಗುವ ವ್ಯತ್ಯಾಸ 0.15 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು ಮಾಡುವ ತಪ್ಪೇ ಅದಕ್ಕಿಂತ ದೊಡ್ಡದು. ಅಂದರೆ ನಿಜವಾಗಿ ಅಳೆದವರಿಗೆ 9.6, 9.9, 9.7 ಹೀಗೆ ಚೆದುರಿದ ಬೆಲೆಗಳು ಬರಬೇಕು. ಮೂವತ್ತು ಜನರಿಗೂ 9.81 ಬಂದರೆ ಅದು ಬೆಂಗಳೂರಿನ ಜಿ ಅಲ್ಲ, ಪುಸ್ತಕದ ಜಿ.

ದೊಡ್ಡವರೂ ಇದರಿಂದ ಹೊರತಲ್ಲ. ಭೌತವಿಜ್ಞಾನಿ ಮಿಲಿಕನ್ ಎಣ್ಣೆಹನಿ ಪ್ರಯೋಗದಿಂದ ಎಲೆಕ್ಟ್ರಾನಿನ ಆವೇಶ ಅಳೆದಾಗ ಗಾಳಿಯ ಸ್ನಿಗ್ಧತೆಗೆ ತಪ್ಪು ಬೆಲೆ ಹಿಡಿದಿದ್ದರಿಂದ ಉತ್ತರ ಸ್ವಲ್ಪ ಕಡಿಮೆ ಬಂತು. ಆಮೇಲೆ ಅಳೆದವರು ಒಮ್ಮೆಗೇ ಸರಿಯಾದ ಬೆಲೆಗೆ ಹೋಗಲಿಲ್ಲ, ಒಬ್ಬರಿಗಿಂತ ಒಬ್ಬರು ಚೂರು ಚೂರೇ ಮೇಲಕ್ಕೆ ಹತ್ತಿದರು. ಮಿಲಿಕನ್ನರ ಬೆಲೆಗಿಂತ ತುಂಬಾ ಹೆಚ್ಚು ಬಂದರೆ ತಮ್ಮಲ್ಲೇ ತಪ್ಪು ಹುಡುಕುತ್ತಿದ್ದರು, ಹತ್ತಿರ ಬಂದರೆ ಅಷ್ಟಾಗಿ ಹುಡುಕುತ್ತಿರಲಿಲ್ಲ. 1974ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭದಲ್ಲಿ ಭೌತವಿಜ್ಞಾನಿ ಫೈನ್‌ಮನ್ ಈ ಕಥೆಯನ್ನೇ ಹೇಳಿದ್ದರು. ನಮ್ಮ ಹುಡುಗರಿಗೆ ಇದನ್ನು ಹೇಳಿದೆ. ಒಬ್ಬ ಎದ್ದು ನಿಂತು, ‘ಸರ್, ಅವರಿಗೆ ಐದಕ್ಕೆ ಎಷ್ಟು ಕೊಟ್ಟರು?’ ಎಂದ.

ಅಂಕಪಟ್ಟಿ

ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವವನು. 16ಕ್ಕಿಂತ ಕಡಿಮೆ ಕೊಡಬೇಡಿ ಎಂಬ ಮಾತಿಗೆ ಉತ್ತರಿಸುತ್ತೇನೆ.

ಸ್ವಲ್ಪ ಹಿನ್ನೆಲೆ ಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಥಿಯರಿ ಪತ್ರಿಕೆಗೆ 60 ಪರೀಕ್ಷೆಯ ಅಂಕ, 40 ಆಂತರಿಕ ಅಂಕ ಇದ್ದವು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು, ಅಂಕ ಹಂಚಿಕೆ 80 ಮತ್ತು 20 ಆಯಿತು. ಆಂತರಿಕ ಅಂಕ ಅರ್ಧಕ್ಕಿಳಿದದ್ದಕ್ಕೆ ನಾನಾ ಕಾರಣ ಹೇಳುತ್ತಾರೆ. ನನ್ನ ಮೇಜಿನಿಂದ ಕಂಡದ್ದು ಇಷ್ಟು: 40ರ ಕಾಲದಲ್ಲಿ ಕಂಬಳಿ ಹೊದಿಸಿದಂತೆ ಇಡೀ ತರಗತಿಗೆ 36, 37, 38 ಬರುತ್ತಿತ್ತು. ಒಟ್ಟು 100ಕ್ಕೆ 40 ಬೇಕಾದವನಿಗೆ 38 ಮೊದಲೇ ಕೈಯಲ್ಲಿ. ಲಿಖಿತ ಪರೀಕ್ಷೆಗೆ ಬೇರೆಯೇ ಕನಿಷ್ಠ ಅಂಕ ಇದ್ದುದರಿಂದ ಮಾನ ಉಳಿಯಿತು.

ಈಗ ನಿಮ್ಮ 16ಕ್ಕೆ ಬರೋಣ. ಎಲ್ಲರಿಗೂ 16ರಿಂದ 20ರ ನಡುವೆ ಕೊಟ್ಟರೆ ಅದು 20 ಅಂಕದ ಆಂತರಿಕ ಪರೀಕ್ಷೆಯೇ ಅಲ್ಲ, 4 ಅಂಕದ್ದು. ಉಳಿದ 16 ಶುಲ್ಕ ಕಟ್ಟಿದ್ದಕ್ಕೆ ರಸೀದಿ. ಒಳ್ಳೆಯ ವಿದ್ಯಾರ್ಥಿಗೂ ಮಾಮೂಲಿ ವಿದ್ಯಾರ್ಥಿಗೂ ನೀವು ತೋರಿಸಬಹುದಾದ ವ್ಯತ್ಯಾಸ ಅಷ್ಟೇ.

ಆದರೆ ಇದರಿಂದ ಪ್ರಪಂಚ ಮುಳುಗುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಅಂಕಪಟ್ಟಿಯಲ್ಲಿ ಕೊನೆಗೆ ಉಳಿಯುವುದು ಶ್ರೇಣಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹತ್ತು ಅಂಶಗಳ ಮಾದರಿಯಲ್ಲಿ ‘ಓ’ಗೆ 10, ‘ಎ ಪ್ಲಸ್’ಗೆ 9, ಹೀಗೆ ಇಳಿಯುತ್ತಾ ‘ಪಿ’ಗೆ 4. ಎರಡು ಅಂಕದ ಏರಿಳಿತ ಗಡಿಯಲ್ಲಿ ನಿಂತವನಿಗೆ ಮಾತ್ರ ತಟ್ಟುತ್ತದೆ. 4 ಕ್ರೆಡಿಟ್‌ನ ಪತ್ರಿಕೆಯಲ್ಲಿ ಒಂದು ಶ್ರೇಣಿ ತಪ್ಪಿದರೆ, ಸೆಮಿಸ್ಟರಿಗೆ ಒಟ್ಟು 24 ಕ್ರೆಡಿಟ್ ಇದ್ದರೆ, ಸರಾಸರಿಯಲ್ಲಿ 0.17 ಕಡಿಮೆಯಾಗುತ್ತದೆ. ಹೆಚ್ಚಿನವರಿಗೆ ಆ ಎರಡು ಅಂಕ ಶ್ರೇಣಿಯನ್ನು ಬದಲಿಸುವುದೇ ಇಲ್ಲ. ಆದ್ದರಿಂದ ಅಂಕವನ್ನು ಬೆದರಿಕೆಯಾಗಿ ಬಳಸಿ ಪ್ರಯೋಜನವಿಲ್ಲ ಮೇಡಂ. ಮತ್ತೆ ಮಾಡಿಸುವುದೇ ಶಿಕ್ಷೆ ಎಂದರೆ ಹೆದರುತ್ತಾರೆ.

ಪಕ್ಕದ ಕ್ಯಾಂಪಸ್

ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ 50 ಆಂತರಿಕ, 50 ಪರೀಕ್ಷೆ. ಆಂತರಿಕದಲ್ಲಿ 20 ಬಾರದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ. ಹಾಜರಾತಿ 85 ಪ್ರತಿಶತ. ಕಾಗದದ ಮೇಲೆ ಇವೆಲ್ಲ ಉಕ್ಕಿನ ಬೇಲಿ. ಇಂಥವನನ್ನು ಪರೀಕ್ಷೆಗೆ ಕೂರಿಸಲಿಲ್ಲ ಎಂದು ಸಹಿ ಹಾಕಿದ ದಿನ ಸಂಜೆ ನಿಮ್ಮ ಮೊಬೈಲಿಗೆ ಎಷ್ಟು ಕರೆ ಬರುತ್ತವೆ ಎಂಬುದರ ಮೇಲೆ ಬೇಲಿಯ ಎತ್ತರ ನಿಂತಿದೆ. ಇದಕ್ಕಿಂತ ಹೆಚ್ಚು ಬರೆದರೆ ನನ್ನ ಕಾಲೇಜು ಯಾವುದೆಂದು ಗೊತ್ತಾಗಿಬಿಡುತ್ತದೆ.

ಹಿಮದೂರು

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಅಮೆರಿಕದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲ ವರ್ಷದ ರಸಾಯನಶಾಸ್ತ್ರ ಲ್ಯಾಬಿಗೆ ಬೋಧನಾ ಸಹಾಯಕಿ. ಇಲ್ಲಿನದೆಲ್ಲ ಒಳ್ಳೆಯದು ಎಂದು ಹೇಳಲು ಬಂದಿಲ್ಲ, ನೋಡಿದ್ದನ್ನು ಹೇಳುತ್ತೇನೆ.

ಮೊದಲ ದಿನವೇ ಎಂಟು ಹತ್ತು ಪುಟದ ಕೋರ್ಸ್ ನಿಯಮಾವಳಿಯನ್ನು ಕೈಗೆ ಕೊಡುತ್ತಾರೆ. ಯಾವುದಕ್ಕೆ ಎಷ್ಟು ಅಂಕ, ವರದಿ ಒಂದು ದಿನ ತಡವಾದರೆ ಎಷ್ಟು ಕಡಿತ, ಲ್ಯಾಬ್ ತಪ್ಪಿದರೆ ಏನು, ಎಲ್ಲವೂ ಅದರಲ್ಲಿ. ನಾನಿರುವ ಕೋರ್ಸಿನಲ್ಲಿ ಅತಿ ಕಡಿಮೆ ಬಂದ ಒಂದು ಕ್ವಿಜ್ ಮತ್ತು ಒಂದು ಲ್ಯಾಬ್ ವರದಿಯನ್ನು ಲೆಕ್ಕದಿಂದ ಬಿಡುತ್ತೇವೆ. ಜ್ವರ, ಮದುವೆ, ಕೆಟ್ಟ ದಿನ ಎಲ್ಲವೂ ಅದರಲ್ಲಿ ಮುಗಿಯುತ್ತವೆ, ವೈದ್ಯರ ಚೀಟಿ ನೋಡುವ ಗೋಜಿಲ್ಲ. ಅಂಕದ ಬಗ್ಗೆ ತಕರಾರಿದ್ದರೆ ಒಂದು ವಾರದೊಳಗೆ ಬರೆದು ಕೊಡಬೇಕು. ಆಗ ಇಡೀ ಉತ್ತರವನ್ನು ಮತ್ತೆ ನೋಡುತ್ತೇವೆ, ಅಂಕ ಇಳಿಯಲೂಬಹುದು. ಆ ಕೊನೆಯ ವಾಕ್ಯ ಓದಿ ಅರ್ಧದಷ್ಟು ತಕರಾರುಗಳು ಬಾಗಿಲಿನಿಂದಲೇ ಹಿಂದಿರುಗುತ್ತವೆ.

ನಮ್ಮೂರಿನಿಂದ ಬಂದವಳಿಗೆ ಬೆರಗು ತಂದದ್ದು ಬೇರೆ. ಇಲ್ಲಿ ಅಂಕಗಳನ್ನು ಹೆಸರಿನೊಡನೆ ಫಲಕಕ್ಕೆ ಅಂಟಿಸುವಂತಿಲ್ಲ. 1974ರ ಒಂದು ಫೆಡರಲ್ ಕಾನೂನು ವಿದ್ಯಾರ್ಥಿಯ ದಾಖಲೆಗಳನ್ನು ಕಾಯುತ್ತದೆ, ಹದಿನೆಂಟು ತುಂಬಿದವರ ಅಂಕವನ್ನು ತಂದೆತಾಯಿಗೆ ಹೇಳುವುದಕ್ಕೂ ಮಿತಿಯಿದೆ. ನಾನು ಪದವಿ ಓದುವಾಗ ಸೂಚನಾ ಫಲಕದ ಮುಂದೆ ನನ್ನ ಅಂಕವನ್ನು ನನಗಿಂತ ಮೊದಲು ಕ್ಯಾಂಟೀನಿನವರು ಓದಿದ್ದರು.

ಹಾಗೆಂದು ಇಲ್ಲಿ ಜಗಳ ಇಲ್ಲ ಎಂದಲ್ಲ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಾವಯವ ರಸಾಯನಶಾಸ್ತ್ರ (ವೈದ್ಯಕೀಯ ಓದಲು ಹೊರಟವರಿಗೆ ಇಲ್ಲಿ ಅದು ಬೇಕು) ಕಲಿಸುತ್ತಿದ್ದ ಮೇಟ್‌ಲ್ಯಾಂಡ್ ಜೋನ್ಸ್ ಅವರ ಪ್ರಕರಣ ನೆನಪಿರಬಹುದು. ಆಗ ಅವರಿಗೆ 84 ವರ್ಷ. 350 ವಿದ್ಯಾರ್ಥಿಗಳಲ್ಲಿ 82 ಜನ ಕೋರ್ಸ್ ವಿಪರೀತ ಕಠಿಣವಾಗಿದೆ ಎಂದು ಮನವಿಗೆ ಸಹಿ ಹಾಕಿದರು, ವಿಶ್ವವಿದ್ಯಾಲಯ ಅವರ ಒಪ್ಪಂದವನ್ನು ಕೊನೆಗೊಳಿಸಿತು.

ಹಳೆಯ ಬ್ಯುರೆಟ್

ಆ ಸುದ್ದಿ ಓದಿ ಅಂದು ರಾತ್ರಿ ನಿದ್ದೆ ಬಂದಿರಲಿಲ್ಲ. ಬೆಂಜೀನ್ ಉಂಗುರ ಬಿಡಿಸಲು ಬಾರದವನು ನಾಳೆ ವೈದ್ಯನಾಗಬೇಕು, ಅದಕ್ಕೆ ಮೇಷ್ಟ್ರನ್ನು ಕಳಿಸಬೇಕು. ಅವರ ಜಾಗದಲ್ಲಿ ನಾನಿದ್ದರೆ ಒಂದು ಅಂಕವನ್ನೂ ಬದಲಿಸುತ್ತಿರಲಿಲ್ಲ.

ಹಿಮದೂರು

ಸರ್, ಒಂದು ವಿವರ ಸೇರಿಸುತ್ತೇನೆ. ಆ ಮನವಿಯಲ್ಲಿ ಅವರನ್ನು ತೆಗೆಯಿರಿ ಎಂಬ ಬೇಡಿಕೆ ಇರಲಿಲ್ಲ. ಸಹಿ ಹಾಕಿದವರಿಗೇ ಆ ತೀರ್ಮಾನ ಅಚ್ಚರಿ ತಂದಿತ್ತು. ವಿದ್ಯಾರ್ಥಿಗಳು ಒಂದು ಕೇಳಿದರು, ಆಡಳಿತ ಇನ್ನೊಂದು ಮಾಡಿತು. ನಮ್ಮ ಅತಿಥಿ ಉಪನ್ಯಾಸಕಿಯರ ಕಥೆಯೂ ಇದಕ್ಕಿಂತ ಬಹಳ ದೂರವಿಲ್ಲ ಅನಿಸುತ್ತದೆ. ಜೋನ್ಸ್ ಅವರದೂ ವರ್ಷದಿಂದ ವರ್ಷಕ್ಕೆ ನವೀಕರಣವಾಗುವ ಕೆಲಸವೇ ಆಗಿತ್ತು.

ಅತಿಥಿ ಉಪನ್ಯಾಸಕಿ

ಆ ಕೊನೆಯ ಸಾಲು ಸರಿಯಾದ ಜಾಗಕ್ಕೆ ತಗಲಿತು. ‘16ಕ್ಕಿಂತ ಕಡಿಮೆ ಬೇಡ’ ಎಂಬುದನ್ನು ಕಾಯಂ ಅಧ್ಯಾಪಕರು ನಕ್ಕು ಮರೆಯಬಹುದು. ನನಗೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು.

ಮೊದಲ ಬಸ್

ಹಾಜರಾತಿಯ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿ.ಎಸ್ಸಿ. ಓದುವಾಗ ನಮ್ಮ ಹಳ್ಳಿಯ ಮೊದಲ ಬಸ್ ತಡವಾದ ದಿನ ಪಟ್ಟಣ ಮುಟ್ಟುತ್ತಿದ್ದದ್ದು 9.40ಕ್ಕೆ, ರಸಾಯನಶಾಸ್ತ್ರ ತರಗತಿ 9.30ಕ್ಕೆ. ಹಾಜರಿ ಕೂಗಿದ ಮೇಲೆ ಬಂದರೆ ಗೈರು. ಒಳಗೆ ಕೂತು ಐವತ್ತು ನಿಮಿಷ ಪಾಠ ಕೇಳಿದರೂ ಗೈರು.

ಲೆಕ್ಕ ಹಾಕಿ. ವಾರಕ್ಕೆ ನಾಲ್ಕು ತರಗತಿ, ಹದಿನಾರು ವಾರ, ಒಟ್ಟು 64. 75 ಪ್ರತಿಶತ ಎಂದರೆ 48, ತಪ್ಪಿಸಿಕೊಳ್ಳಬಹುದಾದದ್ದು 16. ನಾಲ್ಕರಲ್ಲಿ ಎರಡು ತರಗತಿ ಬೆಳಗಿನ ಮೊದಲ ಅವಧಿಗೆ ಬಿದ್ದರೆ 32. ಅದರಲ್ಲಿ ಅರ್ಧ ದಿನ ಬಸ್ ಹತ್ತು ನಿಮಿಷ ತಡವಾದರೆ ಅಲ್ಲಿಗೇ 16 ಮುಗಿಯಿತು. ಆಮೇಲೆ ಒಂದು ದಿನ ಜ್ವರ ಬಂದರೂ ಹೆಸರು ಕೊರತೆಯ ಪಟ್ಟಿಯಲ್ಲಿ. ನನ್ನ ಹೆಸರು ಎರಡು ಬಾರಿ ಆ ಪಟ್ಟಿಯಲ್ಲಿತ್ತು. ಅಪ್ಪ ಬಂದು ಪ್ರಾಂಶುಪಾಲರ ಕೊಠಡಿಯ ಹೊರಗೆ ಚಪ್ಪಲಿ ಬಿಟ್ಟು ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ. ಅದೇ ಊರಿನಲ್ಲೇ ಮನೆಯಿದ್ದು, ಕೊನೆಯ ಬೆಂಚಿನಲ್ಲಿ ಮೊಬೈಲ್ ನೋಡುತ್ತಾ ಕೂತವರಿಗೆ 96 ಪ್ರತಿಶತ.

(‘ಕೊನೆಯ ಬೆಂಚು’ ಅವರೇ, ಇದು ನಿಮಗೆ ಹೇಳಿದ್ದಲ್ಲ.)

ಕೊನೆಯ ಬೆಂಚು

ನನ್ನದು 71. ಕೊನೆಯ ಬೆಂಚಿನಲ್ಲೂ ನಿಯಮಿತವಾಗಿ ಕೂರುವುದಿಲ್ಲ.

ಅತಿಥಿ ಉಪನ್ಯಾಸಕಿ

‘ಮೊದಲ ಬಸ್’, ನಿಮ್ಮ ತಂದೆಯವರ ಮಾತು ಓದಿ ಸುಮ್ಮನೆ ಕೂತಿದ್ದೆ. ನಾನು ಈಗ ಹಾಜರಿಯನ್ನು ತರಗತಿಯ ಕೊನೆಯಲ್ಲಿ ತೆಗೆದುಕೊಳ್ಳುತ್ತೇನೆ. ಬಾಗಿಲು ತೆರೆದೇ ಇರುತ್ತದೆ. ತಡವಾಗಿ ಬಂದವರು ಅನುಮತಿ ಕೇಳಿ ಎಲ್ಲರ ಗಮನ ಸೆಳೆಯದೆ ಒಳಗೆ ಬಂದು ಕೂರಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮೊದಲ ಹತ್ತು ನಿಮಿಷ ಹಿಂದಿನ ಪಾಠದ ಲೆಕ್ಕ ಬಿಡಿಸುತ್ತೇನೆ, ಹೊಸ ವಿಷಯ ಆಮೇಲೆ. ಲ್ಯಾಬಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಆಮ್ಲದ ಬಾಟಲಿ ಎಲ್ಲಿದೆ, ಏನನ್ನು ಮುಟ್ಟಬಾರದು ಎಂದು ಹೇಳುವಾಗ ಇಲ್ಲದವರನ್ನು ಮೇಜಿನ ಬಳಿ ಬಿಡುವುದು ನನ್ನಿಂದಾಗದು.

ಇನ್ನೊಂದು ವಿಷಯ ನೀವೆಲ್ಲ ಹೇಳಬೇಕು. ಆಂತರಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆದರೆ ಒಪ್ಪುತ್ತೀರಾ? ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದವರು. ‘ಬ್ಯುರೆಟ್‌ನಲ್ಲಿ ಪರ್ಮಾಂಗನೇಟ್ ಇದ್ದಾಗ ಮೇಲಿನ ಅಂಚನ್ನು ಏಕೆ ಓದುತ್ತೇವೆ?’ ಎಂದು ಬಾಯಲ್ಲಿ ಕೇಳಿದರೆ, ‘ಬಣ್ಣ ಗಾಢ ಮೇಡಂ, ಕೆಳಗಿನ ಅಂಚು ಕಾಣುವುದಿಲ್ಲ’ ಎಂದು ಥಟ್ಟನೆ ಹೇಳುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ಗೈಡ್‌ನಿಂದ ಕಂಠಪಾಠ ಮಾಡಿದ ಬೇರೆ ಯಾವುದೋ ವಾಕ್ಯ ಬರುತ್ತದೆ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ನಾನು ಅದಕ್ಕೂ ಮೊದಲಿನಿಂದ ಒಪ್ಪುತ್ತಿದ್ದೇನೆ.

ಲೋಲಕ

ಇಲ್ಲಿ ನನ್ನದು ಭಿನ್ನರಾಗ. ಒಪ್ಪುವುದು ಸರಿ, ಆದರೆ 20 ಅಂಕಕ್ಕೆ ಕನ್ನಡದಲ್ಲಿ ಬರೆಸಿ 80ಕ್ಕೆ ಇಂಗ್ಲಿಷಿನಲ್ಲಿ ಬರೆ ಎಂದು ಬಿಟ್ಟರೆ ಈಜು ಕಲಿಸಲು ಬಾವಿಯ ಬದಲು ಚಾಪೆ ಕೊಟ್ಟ ಹಾಗೆ. ಮುಂದೆ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ಅವರಿಗೆ ಯಾರು ಕನ್ನಡದಲ್ಲಿ ಪ್ರಶ್ನೆ ಕೊಡುತ್ತಾರೆ?

ಹಳೆಯ ಬ್ಯುರೆಟ್

ಮೊದಲು ಏನು ಗೊತ್ತಿದೆ ಎಂಬುದು ಕನ್ನಡದಲ್ಲಿ ಹೊರಬರಲಿ, ಆಮೇಲೆ ಅದನ್ನು ಇಂಗ್ಲಿಷಿಗೆ ದಾಟಿಸೋಣ. ಗೊತ್ತಿರುವುದೇ ಹೊರಬಾರದಿದ್ದರೆ ಏನನ್ನು ದಾಟಿಸುತ್ತೀರಿ ಲೋಲಕರೇ? ನಾನು ಮಾಡುತ್ತಿದ್ದದ್ದು ಹೀಗೆ: ಉತ್ತರ ಯಾವ ಭಾಷೆಯಲ್ಲಾದರೂ ಸರಿ, ಸಮೀಕರಣ, ಏಕಮಾನ, ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನಲ್ಲಿ. ಎರಡನೆಯ ವರ್ಷದ ಹೊತ್ತಿಗೆ ವಾಕ್ಯಗಳು ತಾವಾಗಿ ದಾಟಿಕೊಳ್ಳುತ್ತಿದ್ದವು. ಎಲ್ಲರದೂ ಅಲ್ಲ, ಸುಳ್ಳು ಹೇಳುವುದಿಲ್ಲ.

ಅಂಕಪಟ್ಟಿ

ಅಸೈನ್‌ಮೆಂಟ್ ಬಗ್ಗೆಯೂ ಒಂದು ಮಾತು. ಈಗ ಬರುವ ಕಟ್ಟುಗಳಲ್ಲಿ ಎಲ್ಲರ ಇಂಗ್ಲಿಷೂ ಆಕ್ಸ್‌ಫರ್ಡಿನದು, ಕೃತಕ ಬುದ್ಧಿಮತ್ತೆಯ ಕೃಪೆ. ಕೈಯಲ್ಲಿ ಬರೆದು ತನ್ನಿ ಎಂದರೆ ಅದನ್ನೇ ಕೈಯಲ್ಲಿ ನಕಲು ಮಾಡುತ್ತಾರೆ. ನಮ್ಮಲ್ಲಿ ಒಬ್ಬ ಮೇಡಂ ಅಸೈನ್‌ಮೆಂಟಿಗೆ ಅಂಕ ಕೊಡುವುದನ್ನೇ ಬಿಟ್ಟು, ಅದರ ಮೇಲೆ ಮೂರು ನಿಮಿಷ ಪ್ರಶ್ನೆ ಕೇಳಿ ಅಂಕ ಕೊಡುತ್ತಾರೆ. ಅರವತ್ತು ಜನರಿಗೆ ಮೂರು ಗಂಟೆ. ಮೌಲ್ಯಮಾಪನ ಮಾಡುವುದಕ್ಕಿಂತ ಬೇಗ ಮುಗಿಯುತ್ತದೆಯಂತೆ.

ಅತಿಥಿ ಉಪನ್ಯಾಸಕಿ

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗಾಗಿ ವರದಿ.

ಆ ಹದಿನೇಳು ಜನರ ಅಂಕ ಕಡಿಯಲಿಲ್ಲ. ಎಲ್ಲರ ಎದುರಿಗೆ ನನ್ನ 12.7ರ ಕಥೆ ಹೇಳಿದೆ, ಅವಳ ಹೆಸರು ಹೇಳಲಿಲ್ಲ, ಆದರೂ ಎಲ್ಲರಿಗೂ ಗೊತ್ತಾಯಿತು. ಪ್ರಯೋಗವನ್ನು ಮತ್ತೆ ಮಾಡಿಸಿದೆ. ‘ಹಳೆಯ ಬ್ಯುರೆಟ್’ ಸರ್ ಹೇಳಿದಂತೆ ಬೇರೆ ಬೇರೆ ಪ್ರಮಾಣದ ದ್ರಾವಣ, ಪೆನ್ನು, ಸಹಿ. ಲ್ಯಾಬ್ ಸಹಾಯಕರು ಮೊದಲ ದಿನ ಗೊಣಗಿದರು. ಫ್ಲಾಸ್ಕ್‌ಗೆ ಅಳೆದು ಹಾಕುವ ಕೆಲಸ ನಾನೇ ಮಾಡುತ್ತೇನೆ ಎಂದ ಮೇಲೆ ಸುಮ್ಮನಾದರು.

ಐದು ಅಂಕಗಳನ್ನು ಹೀಗೆ ಒಡೆದಿದ್ದೇನೆ. ತನ್ನದೇ ಎರಡು ರೀಡಿಂಗ್ ಒಂದಕ್ಕೊಂದು ಹೊಂದಿದರೆ ಎರಡು. ತನ್ನದೇ ರೀಡಿಂಗಿನಿಂದ ಲೆಕ್ಕ ಸರಿಯಾಗಿ ಮಾಡಿದರೆ ಎರಡು. ಉತ್ತರ ಆಚೀಚೆ ಹೋದರೆ ಏಕೆ ಹೋಗಿರಬಹುದು ಎಂದು ಒಂದು ಸಾಲು ಬರೆದರೆ ಒಂದು. ಮೊದಲ ವಾರ ಎಲ್ಲರೂ ‘ಮಾನವ ದೋಷ’ ಎಂದು ಬರೆದರು. ಆ ಎರಡು ಪದಗಳನ್ನು ನಿಷೇಧಿಸಿದೆ. ಎರಡನೆಯ ವಾರ ಒಬ್ಬ, ‘ಪಿಪೆಟ್ ತುದಿಯಲ್ಲಿ ಉಳಿದ ಹನಿಯನ್ನು ಮೊದಲ ಸಲ ಊದಿದೆ, ಎರಡನೆಯ ಸಲ ಊದಲಿಲ್ಲ’ ಎಂದು ಬರೆದಿದ್ದ. ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ.

ಹಳೆಯ ಬ್ಯುರೆಟ್

ಒಳ್ಳೆಯದು. ಆದರೆ ನಿಖರತೆಗೆ ಸೊನ್ನೆ ಅಂಕ ಎಂಬುದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನಿಮ್ಮ ವಿದ್ಯಾರ್ಥಿ ನಾಳೆ ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೂರುತ್ತಾನೆ. ಅಲ್ಲಿ ‘ಏಕೆ ತಪ್ಪಾಯಿತು’ ಎಂದು ಚೆಂದವಾಗಿ ಬರೆದರೆ ಮಾತ್ರೆ ಸರಿಹೋಗುವುದಿಲ್ಲ. ಪ್ರಾಮಾಣಿಕವಾಗಿ ತಪ್ಪು ಅಳೆಯುವವನೂ ನನಗೆ ಬೇಡ.

ಅತಿಥಿ ಉಪನ್ಯಾಸಕಿ

ಒಪ್ಪಿದೆ ಸರ್. ಸೆಮಿಸ್ಟರಿನ ಕೊನೆಯ ಎರಡು ಲ್ಯಾಬ್‌ಗಳಲ್ಲಿ ನಿಖರತೆಗೂ ಅಂಕ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಕೈ ಪಳಗಿರುತ್ತದೆ. ಮೊದಲ ದಿನವೇ ಕೇಳಿದರೆ ಮತ್ತೆ 12.4 ಶುರುವಾಗುತ್ತದೆ.

16ರ ವಿಷಯ ಮಾತ್ರ ಹಾಗೆಯೇ ಇದೆ. ನಾನು ಒಬ್ಬನಿಗೆ 13 ಹಾಕಿದೆ. ಕರೆದು ಕೇಳಿದರು. ಸಹಿ ಇರುವ ಅವನ ವೀಕ್ಷಣಾ ಪುಸ್ತಕ ತೋರಿಸಿದೆ, ಹನ್ನೆರಡು ಲ್ಯಾಬ್‌ಗಳಲ್ಲಿ ಐದು ಖಾಲಿ. ‘ನೋಡೋಣ’ ಎಂದಿದ್ದಾರೆ. ಆ ‘ನೋಡೋಣ’ದ ಅರ್ಥ ಜೂನ್‌ನಲ್ಲಿ ಗೊತ್ತಾಗುತ್ತದೆ.

ಇನ್ನು ಒಂದು ತಮಾಷೆ. ಫ್ಲಾಸ್ಕ್‌ಗಳಿಗೆ ಒಂದರಿಂದ ಹದಿನೆಂಟರವರೆಗೆ ಸಂಖ್ಯೆ ಹಾಕಿ, ಒಂದಕ್ಕೆ 16, ಎರಡಕ್ಕೆ 16.5, ಮೂರಕ್ಕೆ 17 ಹೀಗೆ ಅರ್ಧ ಅರ್ಧ ಮಿ.ಲೀ. ಏರಿಸುತ್ತಾ ಹಾಕುತ್ತಿದ್ದೆ, ನನಗೆ ನೆನಪಿಡಲು ಸುಲಭ ಎಂದು. ಮೂರನೆಯ ವಾರ ಒಬ್ಬ ಹುಡುಗ ಪಕ್ಕದ ಇಬ್ಬರ ರೀಡಿಂಗ್ ಕೇಳಿಕೊಂಡು, ಫ್ಲಾಸ್ಕ್ ಸಂಖ್ಯೆಗೂ ರೀಡಿಂಗಿಗೂ ನಕ್ಷೆ ಎಳೆದು, ತನ್ನ ಫ್ಲಾಸ್ಕಿನ ಉತ್ತರವನ್ನು ಬ್ಯುರೆಟ್ ಮುಟ್ಟದೆಯೇ ಕಂಡುಹಿಡಿದಿದ್ದ. ಸರಳ ರೇಖೆ, ಇಳಿಜಾರು ಕೂಡ ಸರಿಯಾಗಿತ್ತು. ಇವನಿಗೆ ಎಷ್ಟು ಕೊಡಲಿ?

ಲೋಲಕ

ಅವನನ್ನು ಭೌತಶಾಸ್ತ್ರಕ್ಕೆ ಕಳಿಸಿಕೊಡಿ.

ಹಳೆಯ ಬ್ಯುರೆಟ್

ಲೆಕ್ಕಕ್ಕೆ ಎರಡು, ಹೊಂದಾಣಿಕೆಗೆ ಸೊನ್ನೆ. ಮುಂದಿನ ವಾರ ಫ್ಲಾಸ್ಕ್‌ಗಳ ಸಂಖ್ಯೆ ಕಲಸಿ ಹಾಕಿ, ಪಟ್ಟಿಯನ್ನು ನಿಮ್ಮ ಚೀಲದಲ್ಲಿಟ್ಟುಕೊಳ್ಳಿ, ಲ್ಯಾಬಿನ ಡ್ರಾಯರಿನಲ್ಲಲ್ಲ.

ಕೊನೆಯ ಬೆಂಚು

ಡ್ರಾಯರಿನ ವಿಷಯ ನಿಮಗೆ ಹೇಗೆ ಗೊತ್ತು ಸರ್?